ಅಂತೋಣಿಯವರ ಊರು ಯಾವುದು, ಕೈಯಲ್ಲಿ ಮಗು ಯಾಕೆ?

ಪ್ರಶ್ನೆ: ನಾವು ಕ್ರೈಸ್ತರಲ್ಲ. ಆದರೂ ಮೈಸೂರಿನಲ್ಲಿದ್ದ ನಮ್ಮ ಅಜ್ಜಿ ಬೀಗದ ಕೈ, ಓಲೆ, ರೇಷನ್ ಕಾರ್ಡು ಏನು ಕಳೆದರೂ ಡೋರ್ನಹಳ್ಳಿ ಅಂತೋಣಿಯವರಿಗೆ ಹರಕೆ ಹೇಳಿಕೊಳ್ಳುತ್ತಿದ್ದರು. ಹೋಗುತ್ತಿದ್ದದ್ದು ಮಂಗಳವಾರವೇ. ಈಗ ಹುಡುಕಿದರೆ ಒಂದು ಕಡೆ 'ಪಾದುವಾದ ಅಂತೋಣಿ' ಅಂತಿದೆ, ಇನ್ನೊಂದು ಕಡೆ 'ಲಿಸ್ಬನ್‌ನ ಅಂತೋಣಿ' ಅಂತಿದೆ. ಇಬ್ಬರಾ, ಒಬ್ಬರಾ? ಇಟಲಿಯಲ್ಲಿ ಅವರ ನಾಲಿಗೆಯನ್ನು ಇಟ್ಟು ಪೂಜೆ ಮಾಡುತ್ತಾರಂತೆ, ನಿಜಾನಾ? ಕೈಯಲ್ಲಿ ಮಗು ಯಾಕೆ? ಮಂಗಳವಾರವೇ ಯಾಕೆ? ಇದರಲ್ಲಿ ಇತಿಹಾಸ ಎಷ್ಟು, ಕಥೆ ಎಷ್ಟು?

ಉತ್ತರ: ಒಬ್ಬರೇ. ಹುಟ್ಟಿದ್ದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ, ಸಮಾಧಿ ಇರುವುದು ಇಟಲಿಯ ಪಾದುವಾದಲ್ಲಿ. ಅವರು ನಮ್ಮವರು, ಇಲ್ಲ ನಮ್ಮವರು ಅಂತ ಈ ಎರಡು ಊರುಗಳ ಎಳೆದಾಟ ಹಳೆಯದು. ಪೋರ್ಚುಗೀಸರ ಎದುರು 'ಪಾದುವಾದ ಅಂತೋಣಿ' ಅಂದು ನೋಡಿ, ಕೂಡಲೇ ತಿದ್ದುತ್ತಾರೆ. ಪಾದುವಾದವರಿಗೆ ಹೆಸರೂ ಬೇಡ. ಸುಮ್ನೆ 'ಇಲ್ ಸಾಂತೊ' ಅಂತಾರೆ. 'ಆ ಸಂತ' ಅಂತ ಅರ್ಥ. ಬೇರೆ ಸಂತರೇ ಇಲ್ಲವೇನೋ ಅನ್ನುವ ಹಾಗೆ!

ತಮಾಷೆ ಏನು ಗೊತ್ತಾ? ಪಾದುವಾದಲ್ಲಿ ಅವರು ಇದ್ದದ್ದು ಬದುಕಿನ ಕೊನೆಯ ಸ್ವಲ್ಪ ಕಾಲ ಮಾತ್ರ. ಅಂತೋಣಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೂ ಅಲ್ಲ.

ಇತಿಹಾಸ ಎಷ್ಟು, ಕಥೆ ಎಷ್ಟು ಅಂತ ಕೇಳಿದಿರಿ. ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತು ಹೇಳುತ್ತಿರುತ್ತೇನೆ. ಸಂತರ ಕಥೆ ಕೇಳಿದ ಕೂಡಲೇ 'ನಿಜಾನಾ' ಅಂತ ಕೇಳಬೇಡಿ, 'ಇದನ್ನು ಮೊದಲು ಬರೆದದ್ದು ಯಾವಾಗ' ಅಂತ ಕೇಳಿ. ಅಂತೋಣಿಯವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅವರು ತೀರಿಕೊಂಡ ಒಂದು ವರ್ಷದ ಆಸುಪಾಸಿನಲ್ಲೇ, ಅವರದೇ ಫ್ರಾನ್ಸಿಸ್ಕನ್ ಸಂಘದ, ಹೆಸರು ಹೇಳದ ಒಬ್ಬ ಸನ್ಯಾಸಿ ಅವರ ಜೀವನ ಬರೆದಿಟ್ಟ. ಅದರ ಮೊದಲ ಲ್ಯಾಟಿನ್ ಪದದಿಂದ ಅದನ್ನು 'ಅಸ್ಸಿದುವಾ' ಅಂತ ಕರೆಯುತ್ತಾರೆ. ಅದರಲ್ಲಿ ಇರುವುದನ್ನೂ ನೂರಿನ್ನೂರು ವರ್ಷ ಆದಮೇಲೆ ಬಂದು ಸೇರಿದ್ದನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಆಯಿತು.

ಮೊದಲು ಗಟ್ಟಿಯಾಗಿ ಗೊತ್ತಿರುವುದು. 1195ರ ಸುಮಾರಿಗೆ ಲಿಸ್ಬನ್‌ನ ದೊಡ್ಡ ಚರ್ಚಿನ ಹತ್ತಿರದ ಒಂದು ಸ್ಥಿತಿವಂತರ ಮನೆಯಲ್ಲಿ ಹುಟ್ಟಿದರು. ಹೆಸರು ಫೆರ್ನಾಂದೊ. ಹದಿನೈದರ ಆಸುಪಾಸಿನಲ್ಲೇ ಮನೆ ಬಿಟ್ಟು ಅಗಸ್ಟೀನಿಯನ್ ಅನ್ನುವ ಸಂಘದವರ ಮಠ ಸೇರಿದರು. ಆ ಮಠ ಲಿಸ್ಬನ್‌ನ ಗೋಡೆಯ ಹೊರಗೇ ಇತ್ತು. ಹಾಗಾಗಿ ಗೆಳೆಯರು, ನೆಂಟರು ಬಂದು ಮಾತಾಡಿಸುವುದು ತಪ್ಪಲಿಲ್ಲ. ಇದರಿಂದ ಬೇಸತ್ತು, ಕೇಳಿಕೊಂಡು ಕೊಯಿಂಬ್ರಾ ಪಟ್ಟಣದ ಸಾಂತಾ ಕ್ರೂಸ್ ಮಠಕ್ಕೆ ವರ್ಗ ಮಾಡಿಸಿಕೊಂಡರು. ಅಲ್ಲಿ ಒಳ್ಳೆಯ ಪುಸ್ತಕ ಭಂಡಾರ ಇತ್ತು. ಎಂಟೊಂಬತ್ತು ವರ್ಷ ಬರೀ ಓದು. ಬೈಬಲ್ ಬಾಯಿಪಾಠ ಆಗುವಷ್ಟು ಓದು. ಹಾಗೇ ಬಿಟ್ಟಿದ್ದರೆ ಒಬ್ಬ ಪಂಡಿತರಾಗಿ ಅಲ್ಲೇ ಮುಗಿಯುತ್ತಿದ್ದರು, ನಮಗೆ ಹೆಸರೂ ಗೊತ್ತಾಗುತ್ತಿರಲಿಲ್ಲ.

1220ರಲ್ಲಿ ಎಲ್ಲ ತಿರುಗಿತು. ಅಸ್ಸಿಸಿಯ ಫ್ರಾನ್ಸಿಸ್ ಕಟ್ಟಿದ ಹೊಸ ಸಂಘದ ಐವರು ಸನ್ಯಾಸಿಗಳು ಮೊರಾಕ್ಕೊಗೆ ಹೋಗಿ ಪ್ರಚಾರ ಮಾಡಿದರು. ಆ ವರ್ಷ ಜನವರಿ 16ರಂದು ಮರ್ರಕೇಶ್‌ನಲ್ಲಿ ಅವರ ತಲೆ ಹಾರಿತು. ಅವರ ಎಲುಬುಗಳನ್ನು ಮೆರವಣಿಗೆಯಲ್ಲಿ ತಂದು ಇಟ್ಟದ್ದು ಫೆರ್ನಾಂದೊ ಇದ್ದ ಸಾಂತಾ ಕ್ರೂಸ್ ಮಠದಲ್ಲೇ. ಕಲ್ಲಿನ ದೊಡ್ಡ ಮಠದಲ್ಲಿ ಕೂತು ಓದುತ್ತಿದ್ದ ಹುಡುಗನಿಗೆ ಅದು ಎಲ್ಲಿ ನಾಟಿತೋ! ಊರಾಚೆ ಆಲಿವ್ ತೋಪಿನಲ್ಲಿ ಫ್ರಾನ್ಸಿಸ್ಕನ್ನರದು ಒಂದು ಬಡ ಆಶ್ರಮ ಇತ್ತು. ಅಲ್ಲಿಂದ ಭಿಕ್ಷೆಗೆ ಬರುತ್ತಿದ್ದವರ ಹತ್ತಿರ, ನನ್ನನ್ನು ಮೊರಾಕ್ಕೊಗೆ ಕಳಿಸುವುದಾದರೆ ನಿಮ್ಮ ಸಂಘ ಸೇರುತ್ತೇನೆ ಅಂದರು. ಆ ಆಶ್ರಮಕ್ಕೆ ಈಜಿಪ್ಟಿನ ಪ್ರಾಚೀನ ಸನ್ಯಾಸಿ ಸಂತ ಅಂತೋಣಿಯ ಹೆಸರಿತ್ತು. ಅದೇ ಹೆಸರನ್ನು ತಾವೂ ಇಟ್ಟುಕೊಂಡರು. ಅಂದರೆ ನಿಮ್ಮ ಅಜ್ಜಿ ಕರೆಯುತ್ತಿದ್ದ ಹೆಸರು ಇನ್ನೊಬ್ಬ ಸಂತರಿಂದ ಪಡೆದದ್ದು.

ಮೊರಾಕ್ಕೊಗೆ ಹೋದರು. ಹೋದವರು ಕಾಯಿಲೆ ಬಿದ್ದು ಚಳಿಗಾಲ ಪೂರ್ತಿ ಮಲಗಿದರು. ವಾಪಸ್ ಹೊರಟರೆ ಹಡಗು ಗಾಳಿಗೆ ಸಿಕ್ಕಿ ಪೋರ್ಚುಗಲ್ ಬದಲು ಸಿಸಿಲಿಗೆ ಹೋಗಿ ಮುಟ್ಟಿತು. 1221ರಲ್ಲಿ ಅಸ್ಸಿಸಿಯಲ್ಲಿ ಸಂಘದ ದೊಡ್ಡ ಸಭೆ ನಡೆದಾಗ ಇವರೂ ಅಲ್ಲಿದ್ದರು. ಸಭೆ ಮುಗಿದು ಎಲ್ಲರೂ ತಮ್ಮ ತಮ್ಮ ಮುಖಂಡರ ಜೊತೆ ಹೊರಟರು. ಇವರನ್ನು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ರೊಮಾಞಾ ಪ್ರಾಂತದ ಮುಖಂಡ ಗ್ರಾತ್ಸಿಯಾನೊ ಅವರನ್ನು ಕರೆದುಕೊಂಡು ಹೋಗಿ ಫೊರ್ಲಿ ಊರಿನ ಹತ್ತಿರ ಮೊಂತೆಪಾವೊಲೊ ಬೆಟ್ಟದ ಆಶ್ರಮದಲ್ಲಿ ಬಿಟ್ಟರು. ಆ ಪಂಡಿತರು ಅಲ್ಲಿ ಏನು ಮಾಡಿದರು? ಪ್ರಾರ್ಥನೆ ಮಾಡಿದರು, ಪೂಜೆ ಒಪ್ಪಿಸಿದರು. ಇವರು ಪಾತ್ರೆ ತೊಳೆಯುವುದಕ್ಕೇ ಸರಿ ಅಂತ ಜೊತೆಯವರು ಅಂದುಕೊಂಡಿದ್ದರಂತೆ.

1222ರಲ್ಲಿ ಫೊರ್ಲಿಯಲ್ಲಿ ಹೊಸ ಪಾದ್ರಿಗಳಿಗೆ ಗುರುದೀಕ್ಷೆಯ ಸಮಾರಂಭ. ಡೊಮಿನಿಕನ್ನರು ಅನ್ನುವ ಇನ್ನೊಂದು ಸಂಘದವರೂ ಬಂದಿದ್ದರು, ಫ್ರಾನ್ಸಿಸ್ಕನ್ನರೂ ಬಂದಿದ್ದರು. ಪ್ರಸಂಗ, ಅಂದರೆ ಧರ್ಮೋಪದೇಶ, ಯಾರು ಮಾಡಬೇಕು? ನೀವು ಮಾಡಿ, ನೀವು ಮಾಡಿ ಅಂತ ಆಯಿತು. ತಯಾರಿ ಇಲ್ಲ ಅಂತ ಎಲ್ಲರೂ ಜಾರಿಕೊಂಡರು. ಹಿರಿಯರು ಅಂತೋಣಿಯ ಕಡೆ ತಿರುಗಿ, 'ಪವಿತ್ರಾತ್ಮ ಬಾಯಿಗೆ ತಂದದ್ದನ್ನು ಹೇಳು' ಅಂದರು. ಮೊದಲು ಮೆಲ್ಲಗೆ ಶುರುವಾಯಿತು. ಆಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆ ದಿನದಿಂದ ಪಾತ್ರೆ ತೊಳೆಯುವ ಕೆಲಸ ತಪ್ಪಿತು. ನಾಲಿಗೆಯ ಕಥೆ ಶುರುವಾಗುವುದು ಇಲ್ಲಿಂದ. ನೆನಪಿಟ್ಟುಕೊಳ್ಳಿ.

ನಡುವಿನ ಎಂಟು ವರ್ಷವನ್ನು ಬೇಗ ಹೇಳಿಬಿಡುತ್ತೇನೆ. ಉತ್ತರ ಇಟಲಿ ಸುತ್ತಿದರು. ದಕ್ಷಿಣ ಫ್ರಾನ್ಸಿನಲ್ಲೂ ಸುತ್ತಿದರು. ಅಲ್ಲಿ ಚರ್ಚಿನ ಬೋಧನೆಯನ್ನು ಒಪ್ಪದ ಕಥಾರರು ಅನ್ನುವ ಪಂಥದವರು ಬಲವಾಗಿದ್ದ ಕಾಲ ಅದು. ಸನ್ಯಾಸಿಗಳಿಗೆ ದೇವಶಾಸ್ತ್ರ ಪಾಠ ಮಾಡಿದರು. ಪುಸ್ತಕ ಪಾಂಡಿತ್ಯ ಅಂದರೆ ಅನುಮಾನ ಪಡುತ್ತಿದ್ದ ಫ್ರಾನ್ಸಿಸ್ ಇವರಿಗೆ ಮಾತ್ರ ಒಂದು ಚಿಕ್ಕ ಪತ್ರ ಬರೆದು ಅನುಮತಿ ಕೊಟ್ಟರು. ಪಾಠ ಮಾಡಿ, ಆದರೆ ಪ್ರಾರ್ಥನೆಯ ಕಾವು ಆರದಿರಲಿ ಅನ್ನುವುದು ಪತ್ರದ ಸಾರ. 1227ರಿಂದ 1230ರವರೆಗೆ ಉತ್ತರ ಇಟಲಿಯ ಪ್ರಾಂತಾಧಿಕಾರಿ ಆಗಿದ್ದರು. ರಿಮಿನಿಯ ಜನ ಕಿವಿಗೊಡದಾಗ ಮೀನುಗಳಿಗೆ ಪ್ರಸಂಗ ಮಾಡಿದರು, ಹಸಿದ ಹೇಸರಗತ್ತೆ ಹುಲ್ಲು ಬಿಟ್ಟು ಪರಮಪ್ರಸಾದದ (ಯೇಸುವಿನ ದೇಹವೆಂದು ನಂಬುವ ರೊಟ್ಟಿಯ) ಎದುರು ಮಂಡಿಯೂರಿತು ಅಂತೆಲ್ಲ ನೀವು ಕೇಳಿರುತ್ತೀರಿ. ಅಸ್ಸಿದುವಾದಲ್ಲಿ ಅವು ಇಲ್ಲ. ಆಮೇಲಿನವರು ಸೇರಿಸಿದ್ದು. ಚಿತ್ರಕಾರರಿಗೆ ಮಾತ್ರ ಅವು ಹಬ್ಬದೂಟ. ಪಾದುವಾದ ಬಸಿಲಿಕಾದ (ಪೋಪ್ ವಿಶೇಷ ಮನ್ನಣೆ ಕೊಟ್ಟ ಚರ್ಚಿಗೆ ಬಸಿಲಿಕಾ ಅನ್ನುತ್ತಾರೆ) ಪೂಜಾಪೀಠಕ್ಕೆ ಶಿಲ್ಪಿ ದೊನಾತೆಲ್ಲೊ 1446ರಿಂದ 1450ರ ನಡುವೆ ಮಾಡಿದ ಕಂಚಿನ ಉಬ್ಬುಶಿಲ್ಪಗಳಲ್ಲಿ ಆ ಹೇಸರಗತ್ತೆ ಇದೆ. ಅದರ ಸುತ್ತ ನೂಕಿಕೊಂಡು ಬಗ್ಗಿ ನೋಡುವ ಜನ ನಮ್ಮ ಜಾತ್ರೆಯ ಜನದ ಹಾಗೇ ಇದ್ದಾರೆ.

1231ರ ತಪಸ್ಸುಕಾಲದ ಬಗ್ಗೆ ಮಾತ್ರ ನಿಂತು ಹೇಳಬೇಕು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಪಾದುವಾದಲ್ಲಿ ದಿನಾ ಪ್ರಸಂಗ. ಆ ಕಾಲಕ್ಕೆ ಅದು ಹೊಸದು. ಚರ್ಚು ಸಾಲಲಿಲ್ಲ, ಬಯಲಿಗೆ ಬಂದರು. ಜನ ನಡುರಾತ್ರಿ ಎದ್ದು ಪಂಜು ಹಿಡಿದುಕೊಂಡು ಜಾಗ ಹಿಡಿಯೋಕೆ ಬರುತ್ತಿದ್ದರಂತೆ. ಪ್ರಸಂಗ ಮುಗಿಯುವ ತನಕ ಅಂಗಡಿಯವರು ವ್ಯಾಪಾರ ಮಾಡುತ್ತಿರಲಿಲ್ಲ. ಮೂವತ್ತು ಸಾವಿರ ಜನ ಅಂತ ಅಸ್ಸಿದುವಾ ಬರೆದವನು ಹೇಳುತ್ತಾನೆ. ಎಣಿಸಿದವರು ಯಾರು? ಜಾತ್ರೆಯ ಲೆಕ್ಕ ಯಾವ ಊರಲ್ಲೂ ಸ್ವಲ್ಪ ಜಾಸ್ತಿಯೇ. ಆದರೆ ಅದೇ ಲೇಖಕ ಇನ್ನೊಂದು ಚಿಕ್ಕ ವಿವರ ಕೊಡುತ್ತಾನೆ, ಅದನ್ನು ನಾನು ನಂಬುತ್ತೇನೆ. ಜನ ಕತ್ತರಿ ತಂದು ಅವರ ನಿಲುವಂಗಿಯ ಚೂರು ಕತ್ತರಿಸಿಕೊಳ್ಳುತ್ತಿದ್ದರಂತೆ. ಅದನ್ನು ತಡೆಯಲು ಗಟ್ಟಿಮುಟ್ಟಾದ ಯುವಕರ ಕಾವಲು ಹಾಕಬೇಕಾಯಿತು. ಇನ್ನೂ ಉಸಿರಾಡುತ್ತಿದ್ದವರನ್ನೇ ಜನ ಪವಿತ್ರ ಅವಶೇಷ ಮಾಡಿಕೊಂಡಿದ್ದರು.

ಪ್ರಸಂಗದಲ್ಲಿ ಏನು ಹೇಳುತ್ತಿದ್ದರು? ಪಾದುವಾ ಆಗ ಬಡ್ಡಿ ವ್ಯಾಪಾರಕ್ಕೆ ಹೆಸರಾದ ಊರು. ಆ ಶತಮಾನದ ಕೊನೆಯ ಒಬ್ಬ ಬಡ್ಡಿ ಸಾಹುಕಾರನನ್ನು ಇಟಲಿಯ ಕವಿ ದಾಂತೆ ತನ್ನ ಕಾವ್ಯದಲ್ಲಿ ನೇರ ನರಕಕ್ಕೇ ಹಾಕಿದ್ದಾನೆ. ಅಂತೋಣಿಯವರ ಬರಹದಲ್ಲಿ ಬಡ್ಡಿಕೋರರ ಮೇಲೆ ಸಿಟ್ಟು ಧಾರಾಳ ಇದೆ. ಆ ದಿನಗಳಲ್ಲಿ ಸಾಲ ತೀರಿಸಲಾಗದವನನ್ನು ಹಿಡಿದು ಜೈಲಿಗೆ ಹಾಕುತ್ತಿದ್ದರು. ಮನೆ ಹೋಯಿತು, ಹೊಲ ಹೋಯಿತು, ಮೇಲೆ ಆಳೂ ಒಳಗೆ. ಅದೇ 1231ರ ಮಾರ್ಚಿನಲ್ಲಿ ಪಾದುವಾದ ನಗರಾಡಳಿತ ಒಂದು ಕಾನೂನು ಮಾಡಿತು. ಸಾಲಗಾರನಾಗಲಿ ಜಾಮೀನು ನಿಂತವನಾಗಲಿ ತನ್ನ ಆಸ್ತಿ ಬಿಟ್ಟುಕೊಡಲು ಒಪ್ಪಿದರೆ ಅವನನ್ನು ಸೆರೆಯಲ್ಲಿ ಇಡುವ ಹಾಗಿಲ್ಲ ಅನ್ನುವುದು ಅದರ ತಿರುಳು. ಇದನ್ನು ಸೋದರ ಅಂತೋಣಿಯವರ ಕೋರಿಕೆಯ ಮೇರೆಗೆ ಮಾಡಿದ್ದು ಅಂತ ಆ ಕಾನೂನಿನಲ್ಲೇ ಬರೆದಿದೆ. ಮೀನು, ಹೇಸರಗತ್ತೆ ಎಲ್ಲ ಒಂದು ಕಡೆ ಇರಲಿ, ನನ್ನನ್ನು ಕೇಳಿದರೆ ಅವರ ದೊಡ್ಡ ಪವಾಡ ಇದೇ. ಇದಕ್ಕೆ ನಂಬಿಕೆಯೂ ಬೇಕಿಲ್ಲ, ದಾಖಲೆ ಸಾಕು.

ಎಲ್ಲವೂ ಗೆಲುವಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ವೆರೊನಾದಲ್ಲಿ ಎತ್ಸೆಲೀನೊ ಅನ್ನುವ ಕ್ರೂರಿ ದೊರೆ ಇದ್ದ. ಅವನ ಕಡೆಯವರು ಹಿಡಿದಿಟ್ಟಿದ್ದ ಒಬ್ಬ ಕೌಂಟ್‌ನನ್ನು ಬಿಡಿಸಿಕೊಡಿ ಅಂತ ಕೇಳಲು ಅಂತೋಣಿ ಕಾಯಿಲೆ ಮೈಯಲ್ಲೇ ಹೋದರು. ಕೆಲಸ ಆಗಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದರು. ಆಮೇಲಿನ ಕಥೆಗಾರರು ಅವನನ್ನು ಸಂತರ ಕಾಲಿಗೆ ಬೀಳಿಸಿದ್ದಾರೆ. ಆ ಕಾಲದ ಇತಿಹಾಸಕಾರ ಮಾತ್ರ, ಕೋರಿಕೆ ನಡೆಯಲಿಲ್ಲ ಅಂತ ಬರೆದಿಟ್ಟ.

ಜೂನ್ ಹೊತ್ತಿಗೆ ಮೈಯಲ್ಲಿ ನೀರು ತುಂಬಿಕೊಂಡಿತ್ತು. ಪಾದುವಾದ ಉತ್ತರಕ್ಕೆ ಕಾಂಪೊಸಾಂಪಿಯೆರೊ ಅನ್ನುವ ಹಳ್ಳಿಯಲ್ಲಿ, ದೊಡ್ಡ ಅಕ್ರೋಟು ಮರದ ಮೇಲೆ ಕಟ್ಟಿಸಿದ ಅಟ್ಟಣೆಯಲ್ಲಿ ಇರುತ್ತಿದ್ದರು. ಜೂನ್ 13, ಶುಕ್ರವಾರ. ಮಧ್ಯಾಹ್ನ ಊಟಕ್ಕೆ ಕೆಳಗೆ ಇಳಿದು ಕೂತವರು ಹಾಗೇ ಕುಸಿದರು. ನನ್ನನ್ನು ಪಾದುವಾಗೆ ಕರೆದುಕೊಂಡು ಹೋಗಿ ಅಂದರು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಬಿಸಿಲು, ಧೂಳು. ಊರು ಮುಟ್ಟುವ ಮೊದಲೇ ಆರ್ಚೆಲ್ಲಾ ಅನ್ನುವ ಕಡೆ, ಕ್ಲಾರಾ ಸಂಘದ ಸನ್ಯಾಸಿನಿಯರ ಮಠದ ಪಕ್ಕ ಇಳಿಸಿದರು. ಊರೊಳಗೆ ಹೋದರೆ ಜನ ಮುತ್ತಿಕೊಳ್ಳುತ್ತಾರೆ ಅನ್ನುವ ಭಯ. ಪಾಪನಿವೇದನೆ ಮಾಡಿದರು, ಮರಿಯಮ್ಮನವರ ಒಂದು ಹಾಡು ಹೇಳಿಕೊಂಡರು. ಏನು ನೋಡುತ್ತಿದ್ದೀರಿ ಅಂತ ಪಕ್ಕದವರು ಕೇಳಿದ್ದಕ್ಕೆ 'ನನ್ನ ಪ್ರಭುವನ್ನು' ಅಂದರು. ಮೂವತ್ತಾರರ ಆಸುಪಾಸು ವಯಸ್ಸು.

ಸನ್ಯಾಸಿಗಳು ವಿಷಯ ಗುಟ್ಟಾಗಿಡಲು ನೋಡಿದರು. ಬೀದಿಯ ಮಕ್ಕಳು ಬಿಡಬೇಕಲ್ಲ! 'ಸಂತ ತಂದೆ ತೀರಿಹೋದರು' ಅಂತ ಕೂಗಿಕೊಂಡು ಊರೆಲ್ಲ ಓಡಿದರು. ಜಗಳ ಅಲ್ಲಿಂದ ಶುರು. ಶವ ನಮ್ಮಲ್ಲೇ ಇರಲಿ ಅಂತ ಸನ್ಯಾಸಿನಿಯರು. ನಮ್ಮ ಬೀದಿಯಲ್ಲಿ ತೀರಿಕೊಂಡವರು, ನಮ್ಮವರೇ ಅಂತ ಆ ಕಡೆಯ ಜನ ಆಯುಧ ಹಿಡಿದು ಕಾವಲು ನಿಂತರು. ಅವರು ಕೇಳಿದ್ದು ನಮ್ಮ ಸಾಂತಾ ಮರಿಯಾ ಚರ್ಚನ್ನು ಅಂತ ಊರೊಳಗಿನ ಸನ್ಯಾಸಿಗಳು. ಬೇಸಿಗೆ ಬೇರೆ. ಶವವನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟು ಮೇಲೆ ಸ್ವಲ್ಪ ಮಣ್ಣು ಮುಚ್ಚಿ ಕಾದರು. ಮೆರವಣಿಗೆಗೆ ಅಂತ ದೋಣಿಗಳ ಮೇಲೆ ಕಟ್ಟಿಸಿದ್ದ ಸೇತುವೆಯನ್ನು ಜನ ಒಡೆದುಹಾಕಿದರು. ಕೊನೆಗೆ ಧರ್ಮಾಧ್ಯಕ್ಷರೂ (ಬಿಷಪ್) ನಗರದ ಅಧಿಕಾರಿಯೂ ಸೇರಿ ಜಗಳ ಬಿಡಿಸಿ ಸಾಂತಾ ಮರಿಯಾದಲ್ಲಿ ಮಣ್ಣು ಮಾಡಿದ್ದು ಜೂನ್ 17ಕ್ಕೆ. ಆ ದಿನ ಮಂಗಳವಾರ.

ನಿಮ್ಮ ಅಜ್ಜಿಯ ಮಂಗಳವಾರ ಇದೇ. ಅಂತ್ಯಕ್ರಿಯೆಯ ದಿನವೇ ಕಾಯಿಲೆ ವಾಸಿಯಾದ ಸುದ್ದಿಗಳು ಹಬ್ಬಿದವು, ಮಂಗಳವಾರ ಅಂತೋಣಿಯವರ ವಾರ ಆಯಿತು. ಒಂಬತ್ತು ಅಥವಾ ಹದಿಮೂರು ಮಂಗಳವಾರ ತಪ್ಪದೆ ನಡೆದುಕೊಳ್ಳುವ ಪದ್ಧತಿ ಜೋರಾದದ್ದು ಹದಿನೇಳನೇ ಶತಮಾನದಿಂದ ಈಚೆಗೆ.

ಸಂತ ಪದವಿಯ ಲೆಕ್ಕ ಕೇಳಿದರೆ ಆಶ್ಚರ್ಯ ಆಗುತ್ತದೆ. ಈಗ ಒಬ್ಬರನ್ನು ಸಂತರೆಂದು ಘೋಷಿಸಲು ಹತ್ತಾರು ವರ್ಷ ಬೇಕು. ಅಂತೋಣಿಯವರಿಗೆ ಒಂದು ವರ್ಷವೂ ಹಿಡಿಯಲಿಲ್ಲ. 1232ರ ಮೇ 30ರಂದು ಸ್ಪೊಲೆತೊ ಪಟ್ಟಣದಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಘೋಷಿಸಿದರು. 352 ದಿನ. ಇದಕ್ಕಿಂತ ಬೇಗ ಆದದ್ದು ವೆರೊನಾದ ಸಂತ ಪೀಟರ್ ಅವರಿಗೆ, ಅದೂ ಇದಕ್ಕಿಂತ ಕೆಲವೇ ದಿನ ಕಡಿಮೆ, ಅಷ್ಟೇ. ಪೋಪ್ ಅವರೇ ಅಂತೋಣಿಯ ಮಾತು ಕೇಳಿದ್ದವರು, ಹಾಗಾಗಿ ಕೆಲಸ ಸಲೀಸಾಯಿತು. 53 ಪವಾಡಗಳ ಪಟ್ಟಿ ಓದಿದರು. ಹೆಚ್ಚಿನವು ಸಮಾಧಿಯ ಹತ್ತಿರ ಕಾಲು ಬಂತು, ಕಣ್ಣು ಬಂತು, ಕಿವಿ ಕೇಳಿಸಿತು ಅನ್ನುವ ಥರದವು.

ಈಗ ನಾಲಿಗೆ. ಹೌದು, ನಿಜ. ಸಂತರಾದ ವರ್ಷವೇ ದೊಡ್ಡ ಬಸಿಲಿಕಾ ಕಟ್ಟಲು ಶುರು ಮಾಡಿದರು. 1263ರ ಏಪ್ರಿಲ್ 8ರಂದು ಶವಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಲು ತೆರೆದರು. ಸಂಘದ ಮುಖ್ಯಸ್ಥರಾಗಿದ್ದ ಬೊನವೆಂತೂರಾ ಅಲ್ಲೇ ಇದ್ದರು. ಮೂವತ್ತೆರಡು ವರ್ಷ ಆಗಿತ್ತು. ಮೈಯೆಲ್ಲ ಮಣ್ಣು, ಎಲುಬು. ನಾಲಿಗೆ ಮಾತ್ರ ಕೆಡದೆ ಕೆಂಪಗೆ ಇತ್ತಂತೆ. ಬೊನವೆಂತೂರಾ ಅದನ್ನು ಕೈಗೆತ್ತಿಕೊಂಡು, 'ಓ ಧನ್ಯ ನಾಲಿಗೆಯೇ, ನೀನು ಸದಾ ಪ್ರಭುವನ್ನು ಹೊಗಳಿದೆ, ಬೇರೆಯವರಿಂದಲೂ ಹೊಗಳಿಸಿದೆ' ಅಂದರು ಅಂತ ಪರಂಪರೆ. ಫೊರ್ಲಿಯಲ್ಲಿ ಬಾಯಿ ಬಿಟ್ಟ ದಿನದಿಂದ ಆ ಮನುಷ್ಯರ ಬದುಕೆಲ್ಲ ಮಾತೇ. ಉಳಿದದ್ದೂ ನಾಲಿಗೆ. ಜನರಿಗೆ ಇದಕ್ಕಿಂತ ಒಪ್ಪುವ ಗುರುತು ಬೇಕಿತ್ತಾ?

ಬಸಿಲಿಕಾದ ಹಿಂಭಾಗದ ಅವಶೇಷಗಳ ಕೋಣೆಯಲ್ಲಿ ಅದು ಬಂಗಾರದ ಬಣ್ಣದ ಕುಸುರಿ ಪಾತ್ರೆಯೊಳಗೆ ಇದೆ. ನಾನು ನೋಡಿದ್ದೇನೆ. ಕೆಂಪು ಬಣ್ಣ ಹೋಗಿ ಕಪ್ಪಗಾದ ಒಂದು ಚಿಕ್ಕ ತುಂಡು, ಅಷ್ಟೇ. ಜನ ಸಾಲಾಗಿ ಬಂದು ಕಣ್ಣೆತ್ತಿ ನೋಡಿ ಮುಂದೆ ಹೋಗುತ್ತಾರೆ. ಜಾಸ್ತಿ ಹೊತ್ತು ನಿಲ್ಲುವುದು ಎಡಗಡೆಯ ಸಮಾಧಿಯ ಹತ್ತಿರ. ಹಸಿರು ಕಲ್ಲಿನ ಚಪ್ಪಡಿ. ಅದರ ಮೇಲೆ ಅಂಗೈ ಒತ್ತಿ, ಕೆಲವರು ಹಣೆ ಒತ್ತಿ ನಿಲ್ಲುತ್ತಾರೆ. ಅಕ್ಕಪಕ್ಕದಲ್ಲಿ ಅಪಘಾತದಿಂದ ಪಾರಾದವರ, ಬದುಕಿ ಉಳಿದ ಮಕ್ಕಳ ಫೋಟೊಗಳು. ನಜ್ಜುಗುಜ್ಜಾದ ಕಾರಿನ ಫೋಟೊ ಕೂಡ.

ಇದು 'ಪೂಜೆ'ಯಾ? ನಮ್ಮ ಮಾತಿನಲ್ಲಿ ಹಾಗೆ ಅನ್ನುತ್ತೇವೆ. ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚು, ಈ ವಿಷಯದಲ್ಲಿ ಗೆರೆ ಎಳೆಯುತ್ತದೆ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ. ಸಂತರನ್ನು ಕೇಳುವುದು 'ನನ್ನ ಪರವಾಗಿ ದೇವರ ಹತ್ತಿರ ಹೇಳಿ' ಅಂತ. ಒಂಥರಾ ಶಿಫಾರಸು. ಅಂಗೈ ಒತ್ತಿ ನಿಂತವರ ಮನಸ್ಸಿನಲ್ಲಿ ಈ ಗೆರೆ ಎಷ್ಟು ಸ್ಪಷ್ಟ ಇರುತ್ತದೆ ಅನ್ನುವುದು ಬೇರೆ ಮಾತು.

1981ರ ಜನವರಿಯಲ್ಲಿ ಸಮಾಧಿಯನ್ನು ಮತ್ತೆ ತೆರೆದು ತಜ್ಞರು ಎಲುಬುಗಳನ್ನು ಪರೀಕ್ಷೆ ಮಾಡಿದರು. ಸುಮಾರು 1.70 ಮೀಟರ್ ಎತ್ತರದ ಆಳು ಅಂತ ಗೊತ್ತಾಯಿತು. ಆ ಕಾಲಕ್ಕೆ ಎತ್ತರವೇ. ಕೆಳದವಡೆ ಬೇರೆಯಾಗಿ, ತಲೆಯ ಆಕಾರದ ಒಂದು ಬೆಳ್ಳಿ ಕರಂಡದಲ್ಲಿ ಇದೆ. ಅದನ್ನು 1350ರಲ್ಲಿ ಒಬ್ಬ ಕಾರ್ಡಿನಲ್ ಹರಕೆ ತೀರಿಸಲು ಮಾಡಿಸಿಕೊಟ್ಟದ್ದು. 1991ರ ಅಕ್ಟೋಬರ್ 10ರ ಸಂಜೆ ಬಂದೂಕು ಹಿಡಿದವರು ಬಸಿಲಿಕಾಗೆ ನುಗ್ಗಿ ಆ ದವಡೆಯ ಕರಂಡವನ್ನೇ ಹೊತ್ತೊಯ್ದರು. ಜೈಲಿನಲ್ಲಿದ್ದ ತಮ್ಮವನೊಬ್ಬನನ್ನು ಬಿಡಿಸಿಕೊಳ್ಳಲು ಚೌಕಾಸಿಗೆ ಅಂತ ಬ್ರೆಂತಾ ಕಡೆಯ ಗ್ಯಾಂಗ್ ಮಾಡಿದ ಕೆಲಸ ಅದು. ಕಳೆದದ್ದನ್ನು ಹುಡುಕಿಕೊಡುವವರೇ ಕಳೆದುಹೋದರು! ಇಟಲಿಯವರು ಎಷ್ಟು ಜೋಕ್ ಮಾಡಿರಬೇಡ. ಎರಡು ತಿಂಗಳಾದ ಮೇಲೆ, ಡಿಸೆಂಬರ್‌ನಲ್ಲಿ, ರೋಮಿನ ವಿಮಾನ ನಿಲ್ದಾಣದ ಹತ್ತಿರ ಅದು ಸಿಕ್ಕಿತು.

ಇನ್ನು ಅಜ್ಜಿಯ ಬೀಗದ ಕೈ ವಿಷಯ. ಕಳೆದ ವಸ್ತುವಿಗೂ ಅಂತೋಣಿಯವರಿಗೂ ನಂಟು ಎಲ್ಲಿಂದ? ಎಲ್ಲರೂ ಹೇಳುವ ಕಥೆ ಹೀಗಿದೆ. ಫ್ರಾನ್ಸಿನಲ್ಲಿ ಇದ್ದಾಗ ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಮಠ ಬಿಟ್ಟು ಓಡಿಹೋದ. ಹೋಗುವಾಗ ಅಂತೋಣಿಯವರ ಹತ್ತಿರ ಇದ್ದ ಬೈಬಲ್ ಕೀರ್ತನೆಗಳ ಪುಸ್ತಕವನ್ನೂ ಎತ್ತಿಕೊಂಡು ಹೋದ. ಅಚ್ಚಿನ ಯಂತ್ರ ಬರುವುದಕ್ಕೆ ಇನ್ನೂ ಇನ್ನೂರು ವರ್ಷ ಇತ್ತು. ಒಂದು ಪುಸ್ತಕ ಅಂದರೆ ಹತ್ತಾರು ಕುರಿಗಳ ಚರ್ಮ, ತಿಂಗಳುಗಟ್ಟಲೆ ಕೈಬರಹ. ಪಾಠಕ್ಕೆ ಬೇಕಾದ ಟಿಪ್ಪಣಿಯೂ ಅದರಲ್ಲೇ. ಅಂತೋಣಿ ಪ್ರಾರ್ಥನೆ ಮಾಡಿದರು. ಹುಡುಗನಿಗೆ ದಾರಿಯಲ್ಲಿ ದೆವ್ವ ಅಡ್ಡ ಬಂತು. ಹೆದರಿ ಪುಸ್ತಕವನ್ನೂ ತಂದುಕೊಟ್ಟ, ತಾನೂ ಮಠಕ್ಕೆ ವಾಪಸ್ ಬಂದ. ಕಥೆ ಚೆನ್ನಾಗಿದೆ. ಆದರೆ ಸಂತರು ತೀರಿಕೊಂಡ ನೂರು ವರ್ಷದ ಮೇಲೆ, ಹದಿನಾಲ್ಕನೇ ಶತಮಾನದಲ್ಲಿ ಹಬ್ಬಿದ ಕಥೆ.

ಹಾಗಾದರೆ ನಂಬಿಕೆಯೂ ತಡವಾಗಿ ಬಂತಾ? ಇಲ್ಲ, ಇಲ್ಲೇ ಇರುವುದು ಸ್ವಾರಸ್ಯ. ಸಂತರಾದ ನಾಲ್ಕೈದು ವರ್ಷದೊಳಗೇ ಸ್ಪೈಯರ್ ಊರಿನ ಜೂಲಿಯನ್ ಅನ್ನುವ ಸನ್ಯಾಸಿ ಅವರ ಹಬ್ಬಕ್ಕೆ ಒಂದು ಲ್ಯಾಟಿನ್ ಹಾಡು ಕಟ್ಟಿದ. 'ಪವಾಡ ಬೇಕಿದ್ದರೆ' ಅಂತ ಶುರುವಾಗುವ ಹಾಡು. ಅದರ ಒಂದು ಸಾಲಿನ ಅರ್ಥ ಹೀಗೆ: ಕಳೆದುಕೊಂಡ ಅಂಗಗಳನ್ನೂ ವಸ್ತುಗಳನ್ನೂ ಎಳೆಯರೂ ಮುದುಕರೂ ಬೇಡುತ್ತಾರೆ, ಪಡೆಯುತ್ತಾರೆ. ಪಾದುವಾದಲ್ಲಿ ಇವತ್ತಿಗೂ ಈ ಹಾಡು ಹಾಡುತ್ತಾರೆ. ನನ್ನ ಅಂದಾಜು ಇಷ್ಟು. ಮೊದಲು ಬಂದದ್ದು ಕೈಕಾಲು ಕಳೆದುಕೊಂಡವರು. 53 ಪವಾಡಗಳ ಪಟ್ಟಿ ತುಂಬ ಅವರೇ. ಅವರ ಹಿಂದೆಯೇ ಸಾಲಲ್ಲಿ ಬಂದು ನಿಂತದ್ದು ಕೊಡ, ಉಂಗುರ, ಕುರಿ ಕಳೆದುಕೊಂಡವರು. ಪುಸ್ತಕದ ಕಥೆ ಆಮೇಲೆ ಬಂದು, ಅದಾಗಲೇ ಇದ್ದ ನಂಬಿಕೆಗೆ ಕಾರಣ ಒದಗಿಸಿತು.

ಕೈಯಲ್ಲಿರುವ ಮಗು ಬಾಲಯೇಸು. ಇದು ಇನ್ನೂ ತಡ. ಹಳೆಯ ಚಿತ್ರಗಳಲ್ಲಿ ಅಂತೋಣಿಯವರ ಕೈಯಲ್ಲಿ ಮಗು ಇಲ್ಲ, ಪುಸ್ತಕ ಇದೆ. ಕೆಲವು ಕಡೆ ಬೆಂಕಿಯ ಜ್ವಾಲೆ ಇದೆ. ಲಿಲ್ಲಿ ಹೂವೂ ಆಮೇಲೆ ಬಂದದ್ದೇ. ಅವರು ಉಳಿದಿದ್ದ ಮನೆಯ ಯಜಮಾನ ರಾತ್ರಿ ಬಾಗಿಲ ಸಂದಿನಿಂದ ನೋಡಿದ, ಸಂತರ ತೋಳಿನಲ್ಲಿ ಒಂದು ಮಗು ಬೆಳಕಾಗಿ ಹೊಳೆಯುತ್ತಿತ್ತು ಅನ್ನುವ ಕಥೆ ಹದಿನಾಲ್ಕನೇ ಶತಮಾನದ್ದು. ಚಿತ್ರಗಳಲ್ಲಿ ಮಗು ಮನೆಮಾತಾದದ್ದು ಹದಿನಾರು ಹದಿನೇಳನೇ ಶತಮಾನದಲ್ಲಿ. ಗಮನಿಸಿ ನೋಡಿ, ಎಷ್ಟೋ ಪ್ರತಿಮೆಗಳಲ್ಲಿ ಮಗು ಪುಸ್ತಕದ ಮೇಲೆ ಕೂತಿರುತ್ತದೆ. ಹಳೆಯ ಗುರುತಿನ ಮೇಲೆ ಹೊಸ ಗುರುತು ಅಕ್ಷರಶಃ ಬಂದು ಕೂತಿದೆ.

ಈ ಮಗುವಿನ ಚಿತ್ರಗಳಲ್ಲಿ ತುಂಬ ಹೆಸರಾದದ್ದು ಸ್ಪೇನಿನ ಸೆವಿಯಾ ನಗರದ ದೊಡ್ಡ ಚರ್ಚಿನಲ್ಲಿ ಚಿತ್ರಕಾರ ಮುರಿಯೊ 1656ರಲ್ಲಿ ಬರೆದದ್ದು. 1874ರಲ್ಲಿ ಕಳ್ಳರು ಆ ಬೃಹತ್ ಚಿತ್ರದಿಂದ ಅಂತೋಣಿಯವರ ಆಕೃತಿಯಷ್ಟನ್ನೇ ಚಾಕುವಿನಿಂದ ಕೊಯ್ದುಕೊಂಡು ಹೋದರು. ಮುಂದಿನ ವರ್ಷ ಅದು ನ್ಯೂಯಾರ್ಕ್‌ನ ಒಬ್ಬ ಕಲಾವ್ಯಾಪಾರಿಯ ಅಂಗಡಿಗೆ ಮಾರಾಟಕ್ಕೆ ಬಂತು. ಆತ ಗುರುತು ಹಿಡಿದು, 250 ಡಾಲರ್ ಕೊಟ್ಟು ಕೊಂಡು, ಸ್ಪೇನಿನ ಕಾನ್ಸುಲೇಟ್ ಕಚೇರಿಗೆ ಒಪ್ಪಿಸಿದ. ಕೊಯ್ದ ಜಾಗಕ್ಕೆ ಮತ್ತೆ ಕೂರಿಸಿದ್ದಾರೆ. ಈ ಸಂತರು ಕಳೆದುಹೋಗಿ ಸಿಕ್ಕಿದ್ದು 1991ರಲ್ಲೇ ಮೊದಲಲ್ಲ ನೋಡಿ.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ಅಂತೋಣಿಯವರ ಹಬ್ಬದಲ್ಲಿ ಬಡವರಿಗೆ ರೊಟ್ಟಿ, ಬನ್ನು ಹಂಚುವುದನ್ನು ಅಜ್ಜಿ ಜೊತೆ ಹೋದಾಗ ನೀವೂ ನೋಡಿರಬಹುದು. ಇದರ ಹಿಂದೆ ಪಾದುವಾದ ಒಬ್ಬ ತಾಯಿಯ ಕಥೆ ಇದೆ. ಅವಳ ಪುಟ್ಟ ಮಗು ತೊಮ್ಮಾಸೀನೊ ನೀರಿನ ತೊಟ್ಟಿಗೆ ಬಿದ್ದು ಉಸಿರು ನಿಂತಿತು. ಮಗು ಬದುಕಿದರೆ ಅದರ ತೂಕದಷ್ಟು ಕಾಳನ್ನು ಬಡವರಿಗೆ ಕೊಡುತ್ತೇನೆ ಅಂತ ಹರಕೆ ಹೊತ್ತಳು. ನಮ್ಮ ಕಣ್ಣಿಗೆ ಇದು ಏನು? ತುಲಾಭಾರ! ಉಡುಪಿಯಲ್ಲಿ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ಅಕ್ಕಿ ಬೆಲ್ಲ ತೂಗುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಇದು ಬಹುಕಾಲ ನಡೆದು ಮಂಕಾಯಿತು. 1890ರಲ್ಲಿ ಫ್ರಾನ್ಸಿನ ತುಲೋನ್‌ನಲ್ಲಿ ಮತ್ತೆ ಚಿಗುರಿತು. ಲೂಯೀಸ್ ಬೂಫಿಯೆ ಅನ್ನುವ ಅಂಗಡಿಯಾಕೆಗೆ ಒಂದು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯಲಾಗಲಿಲ್ಲ. ಬೀಗ ರಿಪೇರಿಯವನು ಬಂದು ಇದ್ದಬದ್ದ ಕೀಲಿಯೆಲ್ಲ ಹಾಕಿ ನೋಡಿ, ಒಡೆಯದೆ ಗತಿಯಿಲ್ಲ ಅಂದ. ತೆರೆದರೆ ಬಡವರಿಗೆ ಇಷ್ಟು ರೊಟ್ಟಿ ಕೊಡುತ್ತೇನೆ ಅಂತ ಆಕೆ ಅಂತೋಣಿಯವರಿಗೆ ಹೇಳಿಕೊಂಡಳು. ಇನ್ನೊಂದು ಸಲ ತಿರುಗಿಸಿದರೆ ತೆರೆದೇ ಹೋಯಿತಂತೆ. ಆಕೆ ಅಂಗಡಿಯಲ್ಲಿ ಒಂದು ಡಬ್ಬ ಇಟ್ಟಳು. 'ಅಂತೋಣಿಯವರ ರೊಟ್ಟಿ' ಅಂತ ಬರೆದ ಕಾಣಿಕೆ ಡಬ್ಬಗಳು ಚರ್ಚುಗಳಲ್ಲಿ ಬಂದದ್ದು ಹೀಗೆ. ಮಂಗಳೂರಿನ ಜೆಪ್ಪುವಿನಲ್ಲಿ ಅನಾಥರನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವ ಹಳೆಯ ಆಶ್ರಮ ಇರುವುದೂ ಇವರ ಹೆಸರಿನಲ್ಲೇ.

ಲಿಸ್ಬನ್‌ನವರ ಅಂತೋಣಿ ಇನ್ನೊಂದು ಥರ. ಅಲ್ಲಿ ಅವರು ಮದುವೆ ಮಾಡಿಸುವ ಸಂತ. ಜೂನ್ 12ರ ರಾತ್ರಿ ಊರಿಗೆ ಊರೇ ಬೀದಿಯಲ್ಲಿ. ಎಲ್ಲೆಲ್ಲೂ ಕೆಂಡದ ಮೇಲೆ ಸುಡುವ ಬೂತಾಯಿ ಮೀನಿನ ಹೊಗೆ. ಹುಡುಗರು ಹುಡುಗಿಯರಿಗೆ ತುಳಸಿಯ ಬಳಗದ ಪರಿಮಳದ ಗಿಡವನ್ನು ಪುಟ್ಟ ಕುಂಡದಲ್ಲಿ ಇಟ್ಟು ಕೊಡುತ್ತಾರೆ. ಅದಕ್ಕೆ ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. 1958ರಿಂದ ಆ ಹಬ್ಬದಲ್ಲಿ ಸಾಮೂಹಿಕ ಮದುವೆಗಳೂ ನಡೆದಿವೆ. ಗಂಡು ಸಿಗುವ ತನಕ ಸಂತರ ಪ್ರತಿಮೆಯನ್ನು ತಲೆಕೆಳಗಾಗಿ ನಿಲ್ಲಿಸುವ, ಬಾವಿಗೆ ಇಳಿಬಿಡುವ ಹುಡುಗಿಯರ ಕಥೆಗಳು ಪೋರ್ಚುಗಲ್‌ನಲ್ಲೂ ಬ್ರೆಜಿಲ್‌ನಲ್ಲೂ ಹೇರಳ. ಪೋರ್ಚುಗೀಸರು ಅವರನ್ನು ಸೈನ್ಯಕ್ಕೂ ಸೇರಿಸಿಕೊಂಡಿದ್ದರು. 1668ರಲ್ಲಿ ಲಾಗೊಸ್ ಪಟ್ಟಣದ ಪಡೆಯಲ್ಲಿ ಸಿಪಾಯಿ ಅಂತ ಹೆಸರು ಬರೆಸಿ, ಆಮೇಲೆ ಕ್ಯಾಪ್ಟನ್ ಅಂತ ಬಡ್ತಿಯನ್ನೂ ಕೊಟ್ಟರು. ಸಾಲಗಾರರ ಪರ ನಿಂತ ಬರಿಗಾಲಿನ ಸನ್ಯಾಸಿಗೆ ಇದು ಯಾಕೆ ಬೇಕಿತ್ತು ಅಂತ ನನಗೆ ಅನಿಸುತ್ತದೆ. ಇರಲಿ.

ಓದುವ ಅಂತೋಣಿಯನ್ನು ಮಾತ್ರ ಜನ ಮರೆತೇಬಿಟ್ಟಿದ್ದರು. ಧರ್ಮಸಭೆ ಅದನ್ನು ನೆನಪು ಮಾಡಿಕೊಂಡದ್ದು 1946ರಲ್ಲಿ. ಅವರು ಬರೆದಿಟ್ಟ ಪ್ರಸಂಗಗಳಿಗಾಗಿ ಪೋಪ್ ಹನ್ನೆರಡನೇ ಪಿಯೂಸ್ ಅವರನ್ನು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು. ಆ ದಿನ ಜನವರಿ 16. ಮರ್ರಕೇಶ್‌ನಲ್ಲಿ ಆ ಐವರ ತಲೆ ಹಾರಿದ್ದು ಅದೇ ತಾರೀಕು.

ಪೋರ್ಚುಗೀಸರ ಹಡಗು ಹೋದ ಕಡೆಯೆಲ್ಲ ಅಂತೋಣಿಯೂ ಹೋದರು. ಕೊಲಂಬೊದ ಕೊಚ್ಚಿಕಡೆಯಲ್ಲಿ, ಕಚ್ಚತೀವು ದ್ವೀಪದಲ್ಲಿ, ಗೋವಾದಲ್ಲಿ, ನಮ್ಮ ಕರಾವಳಿಯಲ್ಲಿ ಅವರ ಚರ್ಚುಗಳಿವೆ. ಬಹಳ ಕಡೆ ಬರುವವರಲ್ಲಿ ಕ್ರೈಸ್ತರಲ್ಲದವರೂ ತುಂಬ ಜನ. ಡೋರ್ನಹಳ್ಳಿ ಇರುವುದು ಮೈಸೂರು ಜಿಲ್ಲೆಯ ಕೃಷ್ಣರಾಜನಗರ ತಾಲೂಕಿನಲ್ಲಿ, ಸಮುದ್ರದಿಂದ ಬಲು ದೂರ. ಅಲ್ಲಿನವರು ಹೇಳುವ ಪ್ರಕಾರ ಸುಮಾರು ಇನ್ನೂರು ವರ್ಷದ ಹಿಂದೆ ಒಬ್ಬ ರೈತ ಹೊಲ ಉಳುವಾಗ ನೇಗಿಲಿಗೆ ಒಂದು ಮರದ ಬೊಂಬೆ ತಗುಲಿತು. ಅದು ಅಂತೋಣಿಯವರ ಪ್ರತಿಮೆ ಅಂತ ಆಮೇಲೆ ಗೊತ್ತಾಗಿ, ಅದಕ್ಕೊಂದು ಚಿಕ್ಕ ಗುಡಿ ಆಯಿತು. ಅದೇ ಬೆಳೆದು 2019ರಲ್ಲಿ ಬಸಿಲಿಕಾ ಅನ್ನಿಸಿಕೊಂಡಿತು. ಅಜ್ಜಿ ಹೋಗುತ್ತಿದ್ದ ಕಾಲಕ್ಕೆ ಬರೀ ಚರ್ಚು.

ನೀವೂ ಹೋಗುವುದಾದರೆ ಜೂನ್ 13ಕ್ಕೆ ನೂಕುನುಗ್ಗಲು ಜಾಸ್ತಿ, ಮಂಗಳವಾರವೂ ಜನ ಇರುತ್ತಾರೆ. ಪ್ರತಿಮೆಯನ್ನು ಹತ್ತಿರದಿಂದ ನೋಡಬೇಕು ಅಂದರೆ ಬೇರೆ ದಿನ ಬೆಳಿಗ್ಗೆ ಹೋಗಿ. ಮಗುವನ್ನು ನೋಡಿದ ಮೇಲೆ ಪುಸ್ತಕ ಎಲ್ಲಿದೆ ಅಂತಲೂ ಒಮ್ಮೆ ಹುಡುಕಿ.